ಅವರ ಕಾಲಿನ ಕೆಳಗಿನ ಬ್ರೇಕು

ಟಕ್. ಅಷ್ಟೇ. ಒಣಗಿದ ಕಡ್ಡಿ ಮುರಿದ ಹಾಗೆ ಸಣ್ಣದೊಂದು ಸದ್ದು, ಕಾರಿನ ಎಡಗಡೆಯ ಕೆಳಗಿನಿಂದ. ಡ್ರೈವಿಂಗ್ ಸ್ಕೂಲಿನ ಆ ಬಿಳಿ ಕಾರಿನಲ್ಲಿ ಇಪ್ಪತ್ತೊಂದು ದಿನ, ದಿನಕ್ಕೆ ಅರ್ಧ ಗಂಟೆ, ನಾನು ಆ ಸದ್ದನ್ನು ಕೇಳಿದೆ. ಸಿಗ್ನಲ್ ಕೆಂಪಾಯಿತು, ಟಕ್, ಕಾರು ನಿಂತಿತು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬಳು ಅಡ್ಡ ಬಂದಳು, ಟಕ್, ಕಾರು ನಿಂತಿತು. ಹಳೆಯ ಕಾರು, ಎಲ್ಲೋ ನಟ್ ಸಡಿಲವಾಗಿರಬೇಕು ಎಂದುಕೊಂಡಿದ್ದೆ. ಐ ಮಸ್ಟ್ ಸೇ, ನನ್ನ ಬ್ರೇಕಿಂಗ್ ಬಗ್ಗೆ ನನಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಇದನ್ನೆಲ್ಲ ಈಗ ಬರೆಯಲು ಕೂತದ್ದಕ್ಕೆ ಕಾರಣ ನನ್ನ ತಂಗಿಯ ಮಗ. ಇಲ್ಲೇ ಮುಂಬಯಿಯ ಮಲಾಡಿನಲ್ಲಿರುತ್ತಾನೆ. ಯಾವುದೋ ಕಂಪನಿಯಲ್ಲಿ ಕೂತ ಜನರನ್ನು ಎಬ್ಬಿಸಿ ನಿಲ್ಲಿಸಿ ಮೋಟಿವೇಶನ್ ಕೊಡುವುದು ಅವನ ಕೆಲಸ. ದಿನಾ ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಒಂದು ಸೂರ್ಯೋದಯದ ಚಿತ್ರ ಹಾಕಿ, ಅದರ ಮೇಲೆ ಸೋಲಿನ ಹಿರಿಮೆಯ ಬಗ್ಗೆ ಎರಡು ಸಾಲು ಅಂಟಿಸುತ್ತಾನೆ. ಅದೇ ಮನುಷ್ಯ ಹೋದ ತಿಂಗಳು ನನ್ನ ಫೋಟೋ ಹಾಕಿ, ನಮ್ಮ ದೊಡ್ಡಮ್ಮ ಅರವತ್ತೇಳನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಫಸ್ಟ್ ಅಟೆಂಪ್ಟಿನಲ್ಲೇ ಪಾಸಾದರು ಎಂದು ಬರೆದ. ಕೆಳಗೆ ಸಾಲು ಸಾಲು ಚಪ್ಪಾಳೆ, ಹೂಗುಚ್ಛ. ನನಗೆ ತಲೆ ಚಿಟ್ಟು ಹಿಡಿಯಿತು. ಸೋಲಿನ ಬಗ್ಗೆ ದಿನಾ ಉಪದೇಶ ಮಾಡುವವನಿಗೆ ಕೊನೆಗೂ ಸಿಕ್ಕಿದ್ದು ನನ್ನ ಪಾಸು. ಆ ಪಾಸು ನನ್ನ ಇಡೀ ಜೀವನದ ಡಿಸ್‌ಗ್ರೇಸು. ಅದನ್ನು ಗ್ರೂಪಿನಲ್ಲಿ ತಿದ್ದಹೋದರೆ ನನ್ನ ಫೋನು ನನ್ನ ಕನ್ನಡವನ್ನು ತಾನೇ ತಿದ್ದಿಬಿಡುತ್ತದೆ. ಹಾಗಾಗಿ ಕಾಗದ, ಪೆನ್ನು.

ನಾನು ಸ್ಟೇರಿಂಗ್ ಹಿಡಿದದ್ದು ಶೋಕಿಗಲ್ಲ. ನಮ್ಮವರ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ, ವಾರಕ್ಕೆ ಮೂರು ದಿನ, ಭಾಂಡುಪ್‌ನ ನಮ್ಮ ಬಿಲ್ಡಿಂಗಿನಿಂದ ಪವಾಯಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಹನ್ನೊಂದಕ್ಕೆ ಮೆಷಿನ್ ಹಚ್ಚುತ್ತಾರೆ. ಮೂರೂವರೆಗೆ ಅದೇ ಮಂಚಕ್ಕೆ ಇನ್ನೊಬ್ಬರು ಬರುತ್ತಾರೆ. ನಾವು ತಡವಾದರೆ ಅಷ್ಟು ಹೊತ್ತು ನಮ್ಮದೇ ಕಟ್. ಹೊತ್ತು ಕಡಿಮೆಯಾದರೆ ನೀರು ಮೈಯಲ್ಲೇ ಉಳಿಯುತ್ತದೆ, ಕಾಲು ಊದುತ್ತದೆ, ಮರುದಿನ ಮಲಗಿದರೆ ಉಸಿರು ಸಾಲುವುದಿಲ್ಲ.

ಇದನ್ನು ರಿಕ್ಷಾದವರಿಗೆ ಯಾರು ಹೇಳುವುದು? ಪವಾಯಿ ಎಂದ ಕೂಡಲೇ ತಲೆಯನ್ನೂ ಅಲ್ಲಾಡಿಸದೆ, ಕಣ್ಣಿನ ತುದಿಯಿಂದಲೇ ಇಲ್ಲ ಎನ್ನುವ ವಿದ್ಯೆ ಅವರದು. ಆ್ಯಪಿನ ಕ್ಯಾಬಿನವರು ಇನ್ನೂ ಪಾಲಿಶ್ಡ್. ಫೋನ್ ಮಾಡಿ ಕಿಧರ್ ಜಾನಾ ಹೈ ಎಂದು ಕೇಳಿ, ಆಸ್ಪತ್ರೆ ಎಂದು ಕೇಳಿಸಿಕೊಂಡು, ಎರಡು ನಿಮಿಷ ಎಂದು ಹೇಳಿ, ಆಮೇಲೆ ಕ್ಯಾನ್ಸಲ್. ನಮ್ಮವರು ಗೇಟಿನ ಬಳಿ ವಾಚ್‌ಮನ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಹತ್ತು ಹೆಜ್ಜೆ ಹಿಂದೆ ನಮ್ಮದೇ ಕಾರು ಧೂಳು ತಿನ್ನುತ್ತಾ ನಿಂತಿರುತ್ತಿತ್ತು. ಪಾದದ ಸ್ಪರ್ಶ ಹೋದ ಮೇಲೆ ಅವರು ಓಡಿಸುವುದನ್ನು ಬಿಟ್ಟಿದ್ದರು. ಎರಡು ಡ್ರೈವರುಗಳನ್ನು ಇಟ್ಟು ನೋಡಿದೆವು. ಒಬ್ಬನಿಗೆ ಶನಿವಾರ ಆಗುತ್ತಿರಲಿಲ್ಲ, ಇನ್ನೊಬ್ಬನಿಗೆ ಬೆಳಿಗ್ಗೆಯೇ ಆಗುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ. ಇನ್ನು ಉಳಿದವಳು ನಾನು.

ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಹನ್ನೊಂದು ವರ್ಷ, ರಿಪೋರ್ಟ್ ಕಾರ್ಡಿನಲ್ಲಿ ಒಂದೇ ಒಂದು ಕೆಂಪು ಗೆರೆಯಿಲ್ಲ. ಫೇಲ್ ಎಂಬ ಮಾತನ್ನು ನಾವು ಹುಡುಗಿಯರು, ಯಾರದೋ ಮನೆಯ ಕಾಯಿಲೆಯ ಹೆಸರು ಹೇಳುವ ಹಾಗೆ ದನಿ ತಗ್ಗಿಸಿ ಹೇಳುತ್ತಿದ್ದೆವು. ಬಿಳಿ ಉಡುಪಿನ ಸಿಸ್ಟರ್‌ಗಳು ಒಳ್ಳೆಯವರೇ, ಅವರನ್ನು ದೂರುವುದಿಲ್ಲ. ಆ ಉದ್ದ ಕಾರಿಡಾರು, ಮೇಣ ಹಚ್ಚಿದ ನೆಲ, ಮಧ್ಯಾಹ್ನದ ಗಂಟೆ, ಎಲ್ಲ ಇನ್ನೂ ಕಣ್ಣಿಗೆ ಕಟ್ಟುತ್ತದೆ. ಆದರೆ ನೀಡಲ್‌ವರ್ಕ್ ಎಂದು ಒಂದು ಪೀರಿಯಡ್ ಇತ್ತು. ನನಗೆ ಹೆಮ್ಮಿಂಗ್ ಬರುತ್ತಿರಲಿಲ್ಲ. ಮನೆಯಲ್ಲಿ ಸೋದರತ್ತೆ ಸಂಜೆ ಕೂತು ಬಿಚ್ಚಿ ಮತ್ತೆ ಹೊಲಿದು ಕೊಡುತ್ತಿದ್ದಳು, ನಾನು ಮಾರ್ಕು ತರುತ್ತಿದ್ದೆ. ಇವತ್ತಿಗೂ ಸೀರೆಗೆ ಫಾಲ್ ಹಚ್ಚಲು ನನಗೆ ಬರುವುದಿಲ್ಲ. ಅದು ಮೋಸ ಎಂದು ಯಾರೂ ಹೇಳಲಿಲ್ಲ. ನನಗೂ ಅನ್ನಿಸಲಿಲ್ಲ.

ನಮ್ಮವರು ಬೇರೆ ಥರದ ವಿದ್ಯಾರ್ಥಿ. ಇಂಜಿನಿಯರಿಂಗ್‌ನಲ್ಲಿ ಮ್ಯಾಥ್ಸ್ ಎರಡು ಸಲ ಫೇಲ್. ಅದು ಗೊತ್ತಾಗಿ ನನ್ನ ಅಪ್ಪ ನಿಶ್ಚಿತಾರ್ಥವನ್ನೇ ಒಂದು ತಿಂಗಳು ಮುಂದಕ್ಕೆ ಹಾಕಿದ್ದರು. ಇಷ್ಟು ವರ್ಷಗಳ ಸಂಸಾರದಲ್ಲಿ, ಜಗಳದಲ್ಲಿ ನಾನು ಸೋಲುವ ಹಾಗೆ ಕಂಡಾಗಲೆಲ್ಲ ಆ ಎರಡು ಅಟೆಂಪ್ಟನ್ನು ಚೂರಿಯ ಹಾಗೆ ಸೊಂಟದಿಂದ ತೆಗೆದು ತೋರಿಸಿದ್ದೇನೆ. ಅವರು ಪೇಪರಿನಿಂದ ತಲೆ ಎತ್ತದೆ, ಹೌದು ಮಾರಾಯ್ತಿ, ಎರಡೇ ಸಲ, ಎನ್ನುತ್ತಿದ್ದರು.

ಡ್ರೈವಿಂಗ್ ಸ್ಕೂಲು ಸ್ಟೇಷನ್ ರೋಡಿನಲ್ಲಿತ್ತು, ಒಂದು ಝೆರಾಕ್ಸ್ ಅಂಗಡಿ ಮತ್ತು ಕನ್ನಡಕದ ಅಂಗಡಿಯ ನಡುವೆ ಸಿಕ್ಕಿಕೊಂಡ ಒಂದು ಬಾಗಿಲು. ಕಲಿಸುವವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮಡಚಿದ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುವ ಅಭ್ಯಾಸ. ಎರಡನೇ ದಿನ ಬಸ್ಸೊಂದು ಮೈಮೇಲೆ ಬಂದಂತಾಗಿ ನಾನು ಕನ್ನಡದಲ್ಲಿ ಶಾಪ ಹಾಕಿದೆ. ಅವರು ತಿರುಗಿ ನನ್ನನ್ನು ಹೊಸದಾಗಿ ನೋಡಿದರು. ತಾವು ವಿಜಾಪುರದ ಕಡೆಯವರೆಂದೂ, ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ ಎಂದೂ, ಇಲ್ಲಿಗೆ ಬಂದು ಮೂವತ್ತು ವರ್ಷವಾಗಿ ತಮ್ಮ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ ಎಂದೂ ಹೇಳಿಕೊಂಡರು. ಅಂದಿನಿಂದ ನಾನು ಮೇಡಂ ಹೋಗಿ ಅಮ್ಮಾರ ಆದೆ.

ಲರ್ನಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ಎಲ್ಲ ಚಿಹ್ನೆಗಳಿಗೂ ಸರಿಯುತ್ತರ ಕೊಟ್ಟೆ. ನ್ಯಾಚುರಲಿ. ಪುಸ್ತಕವನ್ನು ಬಾಯಿಪಾಠ ಮಾಡಿದ್ದೆ. ದೊಡ್ಡ ಪರೀಕ್ಷೆಯ ದಿನವೂ ಅದೇ ಬಿಳಿ ಕಾರು, ಪಕ್ಕದಲ್ಲಿ ಅದೇ ಉಸ್ತಾದರು. ಪರೀಕ್ಷಕರು ದೂರದಲ್ಲಿ ಮರದ ನೆರಳಿನಲ್ಲಿ ನಿಂತಿದ್ದರು. ಮುಂದೆ ಹೋದೆ, ತಿರುಗಿಸಿದೆ, ಬಿಳಿ ಗೆರೆಯ ಹತ್ತಿರ ಕಾರು ಬೆಣ್ಣೆಯಂತೆ ನಿಂತಿತು. ಛಾನ್ ಆಜಿ, ಎಂದರು ಪರೀಕ್ಷಕರು. ಚೆನ್ನಾಗಿದೆ ಅಜ್ಜಿ ಎಂದು ಅರ್ಥ. ಮನೆಗೆ ಬಂದು ನಮ್ಮವರಿಗೆ ಫಸ್ಟ್ ಅಟೆಂಪ್ಟ್ ಎಂದು ಒತ್ತಿ ಹೇಳಿದೆ. ಅವರು ನಕ್ಕು, ನಿನ್ನ ಅಪ್ಪ ಇದ್ದಿದ್ದರೆ ಇವತ್ತು ಪಾಯಸ, ಎಂದರು.

ಲೈಸೆನ್ಸಿನ ಕಾರ್ಡು ಪೋಸ್ಟಿನಲ್ಲಿ ಬಂದ ಮೇಲೆ ಬಂದ ಮೊದಲ ಮಂಗಳವಾರ ನಮ್ಮ ಕಾರಿನಲ್ಲಿ ಹೊರಟೆವು. ಡಯಾಲಿಸಿಸ್‌ನ ಸೂಜಿ ಚುಚ್ಚುವ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ನಮ್ಮವರು ಹಿಂದಿನ ಸೀಟಿನಲ್ಲಿ ಕೂತರು. ಪಾರ್ಕಿಂಗಿನಿಂದ ಹೊರಬಂದೆ. ವಾಚ್‌ಮನ್ ಎದ್ದು ಗೇಟು ತೆಗೆಯಲು ಹೋದ. ಈಗ ನಿಲ್ಲಬೇಕು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಂದುಕೊಂಡು, ಕಾದೆ. ಆನೆಸ್ಟ್‌ಲಿ, ಕಾದೆ. ಇಪ್ಪತ್ತೊಂದು ದಿನ ನಾನು ಅಂದುಕೊಂಡ ಕೂಡಲೇ ಕಾರು ನಿಂತಿತ್ತು, ಇದೂ ನಿಲ್ಲುತ್ತದೆ ಎಂದು ಕಾದೆ. ಅದು ನಿಲ್ಲಲಿಲ್ಲ. ವಾಚ್‌ಮನ್‌ನ ಕುರ್ಚಿಯನ್ನು ಅಡಿಗೆ ಹಾಕಿಕೊಂಡು ಹೋಗಿ, ಸೊಸೈಟಿಯ ನೋಟೀಸ್ ಬೋರ್ಡಿನ ಕಂಬಕ್ಕೆ ಒರಗಿ ನಿಂತಿತು. ಎಡಗಡೆಯ ಲೈಟು ಪುಡಿ. ಮೂರನೇ ಮಾಳಿಗೆಯಿಂದ ಕೆಳಗಿನವರೆಗೂ ಬಾಲ್ಕನಿಗಳಲ್ಲಿ ಜನ.

ಯಾರಿಗೂ ಏನೂ ಆಗಲಿಲ್ಲ. ಆದರೆ ರಿಕ್ಷಾ ಸಿಗುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು, ಆಸ್ಪತ್ರೆಯವರು ಅಷ್ಟು ಹೊತ್ತನ್ನು ಕತ್ತರಿಸಿದರು. ಬುಧವಾರ ಇಡೀ ದಿನ ನಮ್ಮವರು ಮೂರು ದಿಂಬು ಒರಗಿಸಿಕೊಂಡು ಕೂತೇ ಉಸಿರಾಡಿದರು. ಮಾತಾಡಲು ಆಗದವರಿಗೆ ಸಿಟ್ಟು ಮಾಡಲೂ ಆಗುವುದಿಲ್ಲ. ಅದನ್ನು ನೋಡುತ್ತಾ ಕೂರುವುದಕ್ಕಿಂತ ಅವರು ಬೈದಿದ್ದರೆ ಎಷ್ಟೋ ವಾಸಿ. ಮಧ್ಯಾಹ್ನ ಪಕ್ಕದ ಮನೆಯವರನ್ನು ಅವರ ಹತ್ತಿರ ಕೂರಿಸಿ ಸ್ಕೂಲಿಗೆ ಹೋದೆ.

ಉಸ್ತಾದರು ನಾನು ಹೇಳಿದ್ದನ್ನೆಲ್ಲ ಕೇಳಿ, ಎದ್ದು, ನನ್ನನ್ನು ಬಿಳಿ ಕಾರಿನ ಹತ್ತಿರ ಕರೆದುಕೊಂಡು ಹೋದರು. ತಾವು ಕೂರುವ ಕಡೆಯ ಬಾಗಿಲು ತೆಗೆದು ಕೆಳಗೆ ತೋರಿಸಿದರು. ಅಲ್ಲಿ ಇನ್ನೊಂದು ಜೊತೆ ಪೆಡಲು, ಕ್ಲಚ್ಚು, ಬ್ರೇಕು. ಬ್ರೇಕನ್ನು ಕಾಲಿನಿಂದ ಒತ್ತಿದರು. ಟಕ್.

“ಅಮ್ಮಾರ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತೊಂದ್ ದಿನಾ ಗಾಡಿ ಹೊಡದಾಂವ ನಾನ. ನೀವು ಸ್ಟೇರಿಂಗ್ ಹಿಡ್ಕೊಂಡು ಕುಂತಿದ್ರಿ.”

ನನ್ನ ವಯಸ್ಸಿಗೆ ಅವಮಾನವೆಂದರೆ ಏನೆಂದು ಗೊತ್ತಿಲ್ಲದೆ ಇರಲಿಲ್ಲ, ಆದರೆ ಇಷ್ಟು ವಿನಯದಿಂದ ಯಾರೂ ಮಾಡಿರಲಿಲ್ಲ. ಯಾಕೆ ಎಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. ಮೊದಲು ತಾವೂ ಕಲಿಯುವವರಿಗೆ ತಪ್ಪು ಮಾಡಲು ಬಿಡುತ್ತಿದ್ದರಂತೆ. ಒಮ್ಮೆ ಬ್ಯಾಂಕಿನ ಮೇಡಂ ಒಬ್ಬರ ಕಾರು ಸ್ಟೇಷನ್ನಿನ ಎದುರು ಬಂದ್ ಬಿತ್ತು, ಹಿಂದಿನವರು ಹಾರ್ನ್ ಹೊಡೆದರು, ಮೇಡಂ ಅತ್ತರು, ಇಳಿದು ಮನೆಗೆ ಹೋದರು, ತಮ್ಮ ಬಿಲ್ಡಿಂಗಿನ ಯಾರೂ ಈ ಸ್ಕೂಲಿಗೆ ಬಾರದಂತೆ ನೋಡಿಕೊಂಡರು. ಇನ್ನೊಬ್ಬರು ಅತ್ತರೆ ಬೇರೆ ಕೆಲಸ ನೋಡಿಕೋ ಎಂದು ಮಾಲೀಕ ಹೇಳಿದ. ಅಂದಿನಿಂದ ಇವರ ಕಾಲು ಆ ಪೆಡಲು ಬಿಟ್ಟು ಎದ್ದಿಲ್ಲ. ಎಲ್ಲರೂ ಪಾಸು. ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡು ಡ್ರೈವರನ್ನು ಇಟ್ಟುಕೊಳ್ಳುತ್ತಾರೆ.

“ಇಲ್ಲಿ ಕಲಿಯಾಕ ಯಾರೂ ಬರೂದಿಲ್ರಿ, ಪಾಸ್ ಆಗಾಕ ಬರ್ತಾರ. ಪಾಸ್ ಆದಮ್ಯಾಲೆ ಹೊಳ್ಳಿ ಬಂದು ಜಗಳಾ ತಗದವ್ರು ನೀವ ಮೊದಲನೇವ್ರು.”

ಹಾಗಾದರೆ ನನ್ನನ್ನು ಫೇಲ್ ಮಾಡಿ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಾಲು ಎತ್ತಿ ಕೂತು ನನಗೆ ತಪ್ಪು ಮಾಡಲು ಬಿಡಿ ಎಂದು ಬಿಡಿಸಿ ಹೇಳಿದೆ. ಸ್ಕೂಲಿನ ಕಾರಿನಲ್ಲಿ ಆಗದು, ಗೀರು ಬಿದ್ದರೆ ಮಾಲೀಕ ಬಿಡುವುದಿಲ್ಲ ಎಂದರು. ನಾನು ಆಫೀಸಿನ ಬೆಂಚಿನ ಮೇಲೆ ಕೂತೆ. ಅವರು ಒಂದು ಕ್ಲಾಸ್ ಮುಗಿಸಿ ಬಂದರು, ಕೂತಿದ್ದೆ. ಇನ್ನೊಂದು ಕ್ಲಾಸ್ ಮುಗಿಸಿ ಬಂದರು, ಕೂತಿದ್ದೆ. ಹೊಸದಾಗಿ ಸೇರಲು ಬಂದ ಇಬ್ಬರು ಹುಡುಗಿಯರು ಏನಾಯಿತು ಆಂಟಿ ಎಂದು ಕೇಳಿದರು, ನಾನು ಹೇಳಲು ಬಾಯಿ ತೆರೆದೆ. ಉಸ್ತಾದರು ಅವಸರದಲ್ಲಿ, ಐತವಾರ ಬೆಳಿಗ್ಗೆ ನಿಮ್ಮ ಗಾಡಿ ತೊಗೊಂಡು ಬರ್ರಿ, ಎಂದರು. ಆಮೇಲೆ ನೆನಪಾಗಿ, ಬ್ಯಾಡ, ನಾನ ಬರ್ತೀನಿ, ಎಂದರು.

ಮುಚ್ಚಿದ ಫ್ಯಾಕ್ಟರಿಯ ಹಿಂದೆ ಒಂದು ಗಲ್ಲಿ ಇದೆ, ಒಂದು ತುದಿಯಲ್ಲಿ ಏರು. ನಮ್ಮವರು ಅದೇ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿದ್ದವರು. ಈಗ ಭಾನುವಾರ ಅಲ್ಲಿ ನಾಯಿಗಳು ಮಾತ್ರ. ನಾವು ಮೂವರೂ ಅಲ್ಲಿಗೆ ಹೋಗುತ್ತಿದ್ದೆವು, ಮನೆಯಲ್ಲಿ ಇರಿ ಎಂದರೆ ನಮ್ಮವರು ಒಪ್ಪಲಿಲ್ಲ. ಉಸ್ತಾದರು ನನ್ನ ಪಕ್ಕ ಕೂತು, ಚಪ್ಪಲಿ ಬಿಚ್ಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡರು. ಊಟಕ್ಕೆ ಕೂತ ಹಾಗೆ. ನಮ್ಮ ಕಾರಿನಲ್ಲಿ ಆ ಕಡೆ ಪೆಡಲೇ ಇಲ್ಲ, ಆದರೂ ಕಾಲು ಮೇಲೆ. ತಮ್ಮ ಕಾಲಿನ ಮೇಲೆ ತಮಗೇ ನಂಬಿಕೆ ಇರಲಿಲ್ಲವೇನೋ.

ಮೊದಲ ಭಾನುವಾರ ಕಾರು ಎಷ್ಟು ಸಲ ಬಂದ್ ಬಿತ್ತೋ ನಾನು ಎಣಿಸಲಿಲ್ಲ. ನಮ್ಮವರು ಎಣಿಸಿದರು. ಹದಿನಾಲ್ಕು ಎಂದರು, ಯಾರೂ ಕೇಳದಿದ್ದರೂ. ಬಂದ್ ಬಿದ್ದ ಕೂಡಲೇ ನಾನು ಕೀ ತಿರುಗಿಸಲು ಹೋದರೆ ಹಿಂದಿನಿಂದ ಅವರ ದನಿ: “ತಡಿ ಮಾರಾಯ್ತಿ. ಯಾಕೆ ನಿಂತಿತು ಹೇಳು, ಆಮೇಲೆ ಕೀ ತಿರುಗಿಸು.” ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಡಗಾಲು ಬೇಗ ಎತ್ತಿದೆ ಎನ್ನಬೇಕು. ಎರಡನೇ ಗೇರಿನಲ್ಲಿ ಹೊರಟೆ ಎನ್ನಬೇಕು. ಸ್ಕೂಲಿನ ಹುಡುಗಿಯ ಹಾಗೆ, ಅರವತ್ತೇಳರಲ್ಲಿ, ಎರಡು ಸಲ ಫೇಲ್ ಆದ ಮನುಷ್ಯನಿಗೆ ಉತ್ತರ ಒಪ್ಪಿಸಬೇಕು. ಒಂದು ದಿನ ತಾಳ್ಮೆ ಕೆಟ್ಟು, ನಿಮ್ಮ ಮ್ಯಾಥ್ಸಿಗೆ ಇಷ್ಟು ಕಾರಣ ಹುಡುಕಿದ್ದಿರಾ ಎಂದು ಕೇಳಿದೆ. ಅವರು ಇಷ್ಟು ವರ್ಷ ಹೇಳದ ಮಾತೊಂದನ್ನು ಹೇಳಿದರು.

“ಮೊದಲ ಸಲ ಯಾಕೆ ಫೇಲ್ ಆದೆ ಅಂತ ನೋಡಲೇ ಇಲ್ಲ. ನಾಚಿಕೆ ಆಗಿ ಪೇಪರ್ ಹರಿದು ಬಿಸಾಡಿದೆ. ಅದಕ್ಕೇ ಎರಡನೇ ಸಲವೂ ಫೇಲ್. ಆಮೇಲೆ ನೋಡಿದೆ.”

ಉಸ್ತಾದರು ಕಿಟಕಿಯ ಕಡೆ ಮುಖ ಮಾಡಿ ತಮಗೆ ಏನೂ ಕೇಳಿಸಲಿಲ್ಲ ಎಂಬಂತೆ ಕೂತರು. ನಾನು ಕೀ ತಿರುಗಿಸಲು ಮರೆತೆ.

ಸಪಾಟಿನಲ್ಲಿ ಹೇಗೋ ಬಂತು. ಏರಿನಲ್ಲಿ ಬರಲಿಲ್ಲ. ಪವಾಯಿಯ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಏರು ಇದೆ, ಫ್ಲೈಓವರ್ ಇದೆ, ಮುಂದೆ ಹಿಂದೆ ಎರಡು ಗೇಣು ಜಾಗ ಬಿಟ್ಟು ನಿಲ್ಲುವ ವಾಹನಗಳಿವೆ. ಏರಿನಲ್ಲಿ ಹೊರಡಲು ಬಾರದವಳು ಆಸ್ಪತ್ರೆಗೆ ಹೋಗುವುದೇ ಬೇಡ. ಇತ್ತ ವಾರಕ್ಕೆ ಮೂರು ದಿನ ರಿಕ್ಷಾದವರ ಕಣ್ಣಿನ ತುದಿ ನೋಡುವುದು ನಡೆದೇ ಇತ್ತು. ಎರಡು ಸಲ ಹೊತ್ತು ಕಟ್ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಹೀಗೆ ನಡೆದರೆ ಹೃದಯಕ್ಕೆ ಪೆಟ್ಟು ಎಂದರು. ಆಸ್ಪತ್ರೆಯ ಹತ್ತಿರವೇ ಮನೆ ಮಾಡಬಾರದೇ ಎಂದೂ ಸಲಹೆ ಕೊಟ್ಟರು. ಪವಾಯಿಯಲ್ಲಿ, ಅಲ್ಲಿನ ಬಾಡಿಗೆಗೆ. ಎಷ್ಟು ಸುಲಭ ನೋಡಿ.

ಐದನೇ ಭಾನುವಾರ, ಏರಿನ ಅರ್ಧದಲ್ಲಿ, ಕಾರು ಬಂದ್ ಬಿದ್ದು ಹಿಂದಕ್ಕೆ ಜಾರತೊಡಗಿತು. ನಿಧಾನವಾಗಿ, ಆಮೇಲೆ ನಿಧಾನವಾಗಿ ಅಲ್ಲ. ಹಿಂದೆ ನೀರಿನ ಟ್ಯಾಂಕರ್ ನಿಂತಿತ್ತು. ನಾನು ಉಸ್ತಾದರನ್ನು ಕೂಗಿದೆ. ಅವರು ಅಲ್ಲಾಡಲಿಲ್ಲ. ಹ್ಯಾಂಡ್‌ಬ್ರೇಕು ಇಬ್ಬರ ನಡುವೆ ಇತ್ತು, ಅವರ ಕೈ ಅದರಿಂದ ಒಂದು ಗೇಣು ದೂರ. ಎರಡೂ ಅಂಗೈಯನ್ನು ಮಡಚಿದ ಮಂಡಿಯ ಕೆಳಗೆ ಒತ್ತಿ ಹಿಡಿದು ಕೂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ತುಟಿ ಏನನ್ನೋ ಜಪಿಸುತ್ತಿತ್ತು. ಆ ಮನುಷ್ಯನಿಗೂ ನನ್ನಷ್ಟೇ ಹೆದರಿಕೆ ಎಂದು ಕಂಡಾಗ ನನಗೆ ಒಂದು ವಿಚಿತ್ರ ಸಿಟ್ಟು ಬಂತು. ಇನ್ನು ಯಾರೂ ಇಲ್ಲ ಎಂಬ ಸಿಟ್ಟು. ಬಲಗಾಲನ್ನು ಒತ್ತಿದೆ.

ಕಾರು ನಿಂತಿತು. ಕನ್ನಡಿಯಲ್ಲಿ ಟ್ಯಾಂಕರಿನ ಬಂಪರ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಉಸ್ತಾದರು ಬರಿಗಾಲಿನಲ್ಲೇ ಇಳಿದು, ಕಾಂಪೌಂಡಿಗೆ ಒರಗಿ ನೀರು ಕುಡಿದು, ಮುಖ ಒರೆಸಿಕೊಂಡು ಬಂದು ಮತ್ತೆ ಕೂತರು. ಶಹಭಾಸ್ ಅನ್ನಬಹುದಿತ್ತು, ಅನ್ನಲಿಲ್ಲ.

“ಮತ್ತೊಮ್ಮೆ ಮಾಡ್ರಿ ಅಮ್ಮಾರ. ಇನ್ನೂ ಮ್ಯಾಲೆ ಹೋಗಿ ಬೀಳಿಸ್ರಿ.”

ಅಂದು ಬೇಕೆಂದೇ ಏಳೆಂಟು ಸಲ ಜಾರಿಸಿದೆವು. ಪ್ರತಿ ಸಲ ಸ್ವಲ್ಪ ಕಡಿಮೆ ದೂರ. ಕ್ಲಚ್ ಎಲ್ಲಿ ಕಚ್ಚುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ಇಪ್ಪತ್ತೊಂದು ದಿನ ಕೇಳಿದ್ದೆ. ಅದು ಎಡಗಾಲಿನ ಹೆಬ್ಬೆರಳ ಬುಡಕ್ಕೆ ತಿಳಿದದ್ದು ಆ ಟ್ಯಾಂಕರಿನ ಮುಂದೆ. ಮನೆಗೆ ಬಂದು ಸ್ನಾನ ಮಾಡಿ ಅತ್ತುಬಿಟ್ಟೆ. ಖುಷಿಗೆ ಅಲ್ಲ. ಸೋದರತ್ತೆ ನನ್ನ ಕೈಗೆ ಸೂಜಿ ಕೊಟ್ಟು ಎದ್ದು ಹೋಗಿದ್ದರೆ ಎಂದು ನೆನಪಾಗಿ.

ಏಳು ಭಾನುವಾರಗಳಾದ ಮೇಲೆ ಒಂದು ಗುರುವಾರ ಹೊರಟೆವು, ನಾವಿಬ್ಬರೇ. ವಾಚ್‌ಮನ್ ತನ್ನ ಹೊಸ ಕುರ್ಚಿಯನ್ನು ಎತ್ತಿಕೊಂಡು ಗೋಡೆಗೆ ಅಂಟಿ ನಿಂತ. ಲಿಂಕ್ ರೋಡಿನಲ್ಲಿ ಎರಡು ಸಲ ಬಂದ್ ಬಿತ್ತು. ಇಡೀ ಮುಂಬಯಿ ನನ್ನ ಹಿಂದೆ ನಿಂತು ಹಾರ್ನ್ ಹೊಡೆಯಿತು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, ಘರ್ ಪೇ ಬೈಠೋ ಆಂಟಿ, ಎಂದು ಮನೆಯಲ್ಲೇ ಕೂರಲು ಹೇಳಿ ಹೋದ. ನಮ್ಮವರು ಹಿಂದಿನಿಂದ, ಯಾಕೆ ನಿಂತಿತು ಹೇಳು ಎನ್ನಲಿಲ್ಲ. ನಾನೇ ಹೇಳಿಕೊಂಡೆ, ಗಟ್ಟಿಯಾಗಿ, ಕೀ ತಿರುಗಿಸಿದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದೆ. ಅವರ ನಾಲ್ಕು ಗಂಟೆ ಅಂದು ಪೂರ್ತಿ ಸಿಕ್ಕಿತು. ಅಂದಿನಿಂದ ಇವತ್ತಿನವರೆಗೆ ಒಂದು ದಿನವೂ ಕಟ್ ಆಗಿಲ್ಲ. ನನ್ನ ತಂಗಿಯ ಮಗ ಗ್ರೂಪಿಗೆ ಹಾಕಬೇಕಾದದ್ದು ಇದು. ಆದರೆ ಇದಕ್ಕೆ ಕಾರ್ಡು ಇಲ್ಲ, ಫೋಟೋ ತೆಗೆಯಲು ಏನೂ ಇಲ್ಲ.

ಉಸ್ತಾದರನ್ನು ಕಡೆಯ ಸಲ ನೋಡಿದ್ದು ಕಳೆದ ಮಳೆಗಾಲ ಮುಗಿದ ಮೇಲೆ, ಒಂದು ಶನಿವಾರ, ಕೆರೆಯ ಹತ್ತಿರದ ಸಿಗ್ನಲ್ಲಿನಲ್ಲಿ. ನಮಗೆ ಹೊತ್ತಾಗುತ್ತಿತ್ತು. ಹಸಿರು ಬಿದ್ದರೂ ಮುಂದಿನ ಕಾರು ಕದಲಲಿಲ್ಲ. ನಾನು ಹಾರ್ನ್ ಹೊಡೆದೆ. ಮತ್ತೆ ಹೊಡೆದೆ, ಉದ್ದಕ್ಕೆ, ನಾಚಿಕೆ ಬಿಟ್ಟು. ಆಮೇಲೆ ನೋಡಿದರೆ ಬಿಳಿ ಕಾರು, ಹಿಂದೆ ಕೆಂಪು ಎಲ್. ಸ್ಟೇರಿಂಗಿನಲ್ಲಿ ಒಬ್ಬ ಹುಡುಗಿ, ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ. ಕಾರು ಮುಂದಕ್ಕೆ ಕುಪ್ಪಳಿಸಿ ಬಂದ್ ಬಿತ್ತು. ಮತ್ತೆ ಕುಪ್ಪಳಿಸಿ ಬಂದ್ ಬಿತ್ತು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಹೆಗಲು, ಅಲುಗದೆ. ಎಡಗಡೆಯ ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಹಿಂದೆ ಇರುವವರು ಯಾರೆಂದು ಉಸ್ತಾದರು ತಿರುಗಿ ನೋಡಲಿಲ್ಲ. ಅಂಗೈಯನ್ನು ನಮ್ಮ ಕಡೆಗೆ ಚಾಚಿ, ಬೆರಳು ಬಿಡಿಸಿ, ತಡೀರಿ ಎಂಬಂತೆ ಹಿಡಿದರು.

ನಾನು ಹಾರ್ನಿನಿಂದ ಕೈ ತೆಗೆದೆ. ನನ್ನ ಹಿಂದಿನವರು ಹೊಡೆಯುತ್ತಲೇ ಇದ್ದರು. ಸಿಗ್ನಲ್ ಮತ್ತೆ ಕೆಂಪಾಯಿತು, ಮತ್ತೆ ಹಸಿರಾಯಿತು. ಮೂರನೇ ಸಲಕ್ಕೆ ಆ ಹುಡುಗಿಯ ಕಾರು ಹೊರಟಿತು. ಅವರು ನೇರ ಹೋದರು, ನಾವು ಎಡಕ್ಕೆ ತಿರುಗಿದೆವು. ಕೈ ಇನ್ನೂ ಹೊರಗೇ ಇತ್ತು.